ಗದ್ದೆಮ್ಮನ ಕೈಗುಣ

ನಾನು ಗಂಡಾಗಿ ಹುಟ್ಟಿದ್ದಕ್ಕೆ ಗದ್ದೆಮ್ಮನ ಕೈಗುಣವೇ ಕಾರಣ ಅಂತ ನಮ್ಮೂರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮೂವತ್ತು ದಾಟಿದರೂ ನನಗೆ ಹೆಣ್ಣು ಸಿಗದೇ ಇರುವುದಕ್ಕೂ ಅವಳ ಕೈಗುಣವೇ ಕಾರಣ ಅಂತ ಅದೇ ಜನ ಹೇಳುತ್ತಾರೆ. ಮೊದಲನೆಯದನ್ನು ಹೇಳುವಾಗ ಕೈ ಮುಗಿಯುತ್ತಿದ್ದರು, ಎರಡನೆಯದನ್ನು ಹೇಳುವಾಗ ಹಲ್ಲು ಕಿರಿಯುತ್ತಾರೆ. ಊರ ಮಂದಿಯ ಬಾಯಿಗೆ ಬೀಗ ಹಾಕಿದವರು ಯಾರಿದ್ದಾರೆ.

ನನ್ನ ಹೆಸರು ಯಮನೂರ. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಬಂದರೆ ನಮ್ಮೂರು. ನಮಗೆ ಕಾಲುವೆ ನೀರಿಲ್ಲ. ಸಜ್ಜೆ, ತೊಗರಿ, ಹತ್ತಿ, ಮಳೆ ಬಂದಷ್ಟು ಬೆಳೆ. ನನ್ನದೊಂದು ಮೂರು ಗಾಲಿಯ ಟಂಟಂ ಗಾಡಿ ಇದೆ. ಭತ್ತದ ನಾಟಿ ಶುರುವಾಯಿತೆಂದರೆ ದಿನಾ ಬೆಳಗ್ಗೆ ನಮ್ಮೂರ ಹೆಣ್ಣಾಳುಗಳನ್ನು ಕೂರಿಸಿಕೊಂಡು ಜವಳಗೇರಾ ಕಡೆಯ ಕಾಲುವೆ ಹೊಲಗಳಿಗೆ ಬಿಡುತ್ತೇನೆ, ಸಂಜೆ ಕೆಸರು ಮೆತ್ತಿದ ಸೀರೆಗಳ ಸಮೇತ ವಾಪಸ್ ತರುತ್ತೇನೆ. ಆ ಗುಂಪಿನ ಯಜಮಾನಿ ಗದ್ದೆಮ್ಮ. ಯಾರ ಹೊಲಕ್ಕೆ ಹೋಗಬೇಕು, ಯಾರು ಯಾವ ಸಾಲು ಹಿಡಿಯಬೇಕು, ಗಾಡಿಯಲ್ಲಿ ಯಾರು ಯಾರ ತೊಡೆಯ ಮೇಲೆ ಕೂರಬೇಕು, ಎಲ್ಲ ಅವಳ ಮಾತಿನಂತೆ ನಡೆಯಬೇಕು. ನಾನು ಅವಳನ್ನು ದೊಡ್ಡವ್ವ ಅನ್ನುತ್ತೇನೆ. ರಕ್ತಸಂಬಂಧವೇನಿಲ್ಲ, ಆದರೆ ನನ್ನ ಅವ್ವನ ಉಡಿಗೆ ಮೊದಲ ಹಿಡಿ ಅಕ್ಕಿ ಹಾಕಿದವಳು ಅವಳು.

ಆ ಅಕ್ಕಿಯ ಕಥೆ ಹೇಳಿಬಿಡುತ್ತೇನೆ. ನಮ್ಮ ಕಡೆ ಬಸುರಿಗೆ ಐದನೇ ತಿಂಗಳಲ್ಲೋ ಏಳರಲ್ಲೋ ಕುಬಸ ಅಂದರೆ ಸೀಮಂತ ಮಾಡುತ್ತಾರೆ. ಹೊಸ ಸೀರೆ, ಕುಬಸ ಅನ್ನುವ ಹೊಸ ರವಿಕೆ, ಕೈತುಂಬ ಹಸಿರು ಬಳೆ. ಮಣೆಯ ಮೇಲೆ ಕೂರಿಸಿ ಅವಳ ಸೆರಗಿನ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು ಹಾಕುತ್ತಾರೆ. ಮೊದಲು ಉಡಿ ತುಂಬುವವಳು ಗಂಡುಮಕ್ಕಳ ತಾಯಿಯೇ ಆಗಬೇಕು, ಆಗ ಹುಟ್ಟುವುದೂ ಗಂಡೇ ಆಗುತ್ತದೆ ಅಂತ ನಂಬಿಕೆ. ಹೆಣ್ಣುಮಕ್ಕಳನ್ನೇ ಹೆತ್ತವರು ಹಿಂದೆ ಗೋಡೆಗೆ ಆತುಕೊಂಡು ಕೂತು ಹಾಡು ಹೇಳಿ, ಊಟ ಮಾಡಿ ಎದ್ದು ಹೋಗುವುದು. ಅವರಿಗೆ ಯಾರೂ ಹಿಂದೆ ಕೂಡಿರಿ ಅಂತ ಹೇಳುತ್ತಿರಲಿಲ್ಲ, ತಾವೇ ಹೋಗಿ ಕೂಡುತ್ತಿದ್ದರು.

ಗದ್ದೆಮ್ಮನಿಗೆ ಮೊದಲನೆಯದು ಗಂಡು, ಎರಡನೆಯದು ಗಂಡು, ಮೂರನೆಯದೂ ಗಂಡು. ಅಲ್ಲಿಂದ ಅವಳ ಕೈ ಊರ ಆಸ್ತಿಯಾಯಿತು. ಯಾರ ಮನೆಯ ಕುಬಸವಾದರೂ ಮೊದಲ ಹಿಡಿ ಅವಳದೇ. ನಮ್ಮ ಅವ್ವನ ಉಡಿ ತುಂಬಿದಳು, ನಾನು ಬಂದೆ. ಆಚೆ ಮನೆಯ ಆದಮ್ಮನ ಉಡಿ ತುಂಬಿದಳು, ಅಲ್ಲೂ ಗಂಡು. ಅಷ್ಟರಲ್ಲಿ ಅವಳಿಗೇ ನಾಲ್ಕನೆಯದಾಗಿ ವಿರೇಶ ಹುಟ್ಟಿದ, ಹೆಸರು ಇನ್ನೂ ಗಟ್ಟಿಯಾಯಿತು. ಮಸ್ಕಿ ಪೇಟೆಯಿಂದಲೂ ಅವಳನ್ನು ಕರೆಯಲು ಬರುತ್ತಿದ್ದರಂತೆ. ಹೆಣ್ಣು ಹುಟ್ಟಿದ ಮನೆಯವರು ಲೆಕ್ಕಕ್ಕೆ ಬರುತ್ತಿರಲಿಲ್ಲ, ಯಾಕೆಂದರೆ ಅವರು ಬಾಯಿ ಬಿಡುತ್ತಿರಲಿಲ್ಲ.

ಈಗ ಆ ಗಂಡುಹುಡುಗರೆಲ್ಲ ದೊಡ್ಡವರಾಗಿದ್ದೇವೆ. ಸಂಜೆ ಹಣಮಂತದೇವರ ಗುಡಿ ಕಟ್ಟೆಗೆ ಬಂದು ನೋಡಿ, ಮೊಬೈಲ್ ಹಿಡಿದು ಸಾಲಾಗಿ ಕೂತಿರುತ್ತೇವೆ. ಗಡ್ಡ ಬಿಟ್ಟವರು, ಗಡ್ಡ ಬೋಳಿಸಿದವರು, ತಲೆಗೆ ಬಣ್ಣ ಹಚ್ಚಲು ಶುರು ಮಾಡಿದವರು. ಎರಡು ಕ್ರಿಕೆಟ್ ಟೀಮು, ಇಬ್ಬರು ಅಂಪೈರ್ ಆಗುವಷ್ಟು ಮದುವೆಯಾಗದ ಗಂಡುಗಳು. ಹೆಣ್ಣು ಕೇಳಲು ಹೋದರೆ ಈಗ ಹೆಣ್ಣಿನವರೇ ಪ್ರಶ್ನೆ ಕೇಳುತ್ತಾರೆ. ನನ್ನನ್ನು ಲಿಂಗಸುಗೂರಿನಲ್ಲಿ ಒಬ್ಬರು, ಟಂಟಂಗೆ ನಾಲ್ಕನೇ ಗಾಲಿ ಹಾಕಿಸಿಕೊಂಡು ಬಾ, ಆಮೇಲೆ ಮಾತಾಡೋಣ ಅಂದು ಕಳಿಸಿದರು. ನಾನು ನಕ್ಕೆ. ನಗದೆ ಏನು ಮಾಡಲಿ.

ಗಾಡಿಯಲ್ಲಿ ದಿನಾ ಇದೇ ಮಾತು. ಆದಮ್ಮ ಶುರು ಮಾಡುತ್ತಿದ್ದಳು.

"ಏನಬೇ ಗದ್ದೆವ್ವ, ಅವತ್ತ ನನ್ನ ಉಡಿಗೆ ಒಂದ್ ಹಿಡಿ ಕಡಿಮಿ ಹಾಕಿದ್ರ ಹೆಣ್ಣು ಹುಟ್ಟತಿತ್ತು. ಇವತ್ತ ಆ ಹೆಣ್ಣು ಕೊಟ್ಟು ಸಣ್ಣ ಮಗಗ ಇನ್ನೊಂದ್ ಹೆಣ್ಣು ತರತಿದ್ದೆ."

"ಅವತ್ತ ಇನ್ನೊಂದ್ ಹಿಡಿ ಹಾಕು ಅಂತ ಸೆರಗ ಅಗಲ ಮಾಡಿದಾಕಿ ನೀನs. ಈಗ ನನ್ನ ಮ್ಯಾಲ ಹಾಕಬ್ಯಾಡ," ಅಂತ ಗದ್ದೆಮ್ಮ ಅನ್ನುತ್ತಿದ್ದಳು. "ನಿನ್ನ ಮಗನ ಮಾರಿ ನೋಡೇ ಹೆಣ್ಣು ಓಡಿ ಹೊಕ್ಕಾವ, ಅದಕ್ಕ ನನ್ನ ಕೈ ಏನ್ ಮಾಡಬೇಕು?"

ಎಲ್ಲರೂ ನಗುತ್ತಿದ್ದರು, ಗದ್ದೆಮ್ಮನೂ ನಗುತ್ತಿದ್ದಳು. ಅವಳ ನಗು ಟಂಟಂ ಎಂಜಿನ್ನಿಗಿಂತ ಜೋರು. ಊರ ಆಶಾ ಕಾರ್ಯಕರ್ತೆ ಮೌನೇಶ್ವರಿ ಒಂದು ಸಲ ಅವಳನ್ನು ಕೂರಿಸಿಕೊಂಡು, ಗಂಡೋ ಹೆಣ್ಣೋ ಅನ್ನುವುದು ಗಂಡನ ಕಡೆಯಿಂದ ಬರುತ್ತದೆ, ಅಕ್ಕಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ತಿಳಿಸಿ ಹೇಳಿದ್ದಳು. ಗದ್ದೆಮ್ಮ ಪೂರ್ತಿ ಕೇಳಿ, "ಹಂಗಾದ್ರ ಈಗ ಬೈಸಿಗೊಳ್ಳೂದು ನಂದಲ್ಲ ಬಿಡು," ಅಂದಳು. ಹಾಗಾದರೆ ಆಗಿನ ಹೆಸರೂ ನಿಂದಲ್ಲವಲ್ಲ ಅಂತ ನಾನು ಕೇಳಿದ್ದಕ್ಕೆ, "ಅದು ಬ್ಯಾರೆ, ಸುಮ್ನ ಗಾಡಿ ನಡಸು," ಅಂದಳು.

ನನಗೆ ಸಿಟ್ಟು ಬರುವುದು ಊರವರ ಮೇಲೆ. ಗದ್ದೆಮ್ಮನ ಕೈ ಅಂತ ಇವರು ನಗುತ್ತಾರಲ್ಲ, ನಡೆದದ್ದೇನು ಅಂತ ಇವರಿಗೆ ಗೊತ್ತಿಲ್ಲದೆ ಇಲ್ಲ. ಅಕ್ಕಿಯಿಂದ ಯಾವ ಮಗುವೂ ಬದಲಾಗಿಲ್ಲ. ಆದರೆ ಆ ಕಾಲದಲ್ಲಿ ಕೆಲವು ಮನೆಗಳಿಗೆ ಬಾಡಿಗೆ ಕಾರು ಬರುತ್ತಿತ್ತು. ನೆಂಟರ ಮನೆಗೆ ಅಂತ ಹೇಳಿ ಬಸುರಿಯನ್ನು ಯಾವುದೋ ದೂರದ ಊರಿಗೆ ಕರೆದುಕೊಂಡು ಹೋಗಿ ಹೊಟ್ಟೆ ನೋಡಿಸುತ್ತಿದ್ದರು. ವಾಪಸ್ ಬಂದಾಗ ಕೆಲವರು ಬಸುರಿಯಾಗಿರುತ್ತಿರಲಿಲ್ಲ. ನಿಲ್ಲಲಿಲ್ಲ ಅಂತ ಹೇಳುತ್ತಿದ್ದರು, ನಾಲ್ಕು ದಿನ ಗಂಜಿ ಕುಡಿಸುತ್ತಿದ್ದರು, ಮತ್ತೆ ಮುಂದಿನ ವರ್ಷ ಕುಬಸಕ್ಕೆ ಗದ್ದೆಮ್ಮನನ್ನು ಕರೆಯುತ್ತಿದ್ದರು. ಅವಳಿಗೆ ಇದರಲ್ಲಿ ಏನೂ ಗೊತ್ತಿರಲಿಲ್ಲ. ಹೆಸರು ಮಾತ್ರ ಅವಳದಾಯಿತು. ಈಗ ಕಟ್ಟೆಯ ಮೇಲೆ ಕೂತ ನಮ್ಮನ್ನು ನೋಡಿ ಹೆಣ್ಣೆಲ್ಲಿ ಅಂತ ಕೇಳುವವರು ಆ ಕಾರುಗಳನ್ನು ನೆನಪು ಮಾಡಿಕೊಳ್ಳುವುದಿಲ್ಲ.

ಗದ್ದೆಮ್ಮನ ನಗು ನಿಜವಾಗಿ ತಗ್ಗಿದ್ದು ಕೆಲವು ವರ್ಷದ ಹಿಂದೆ ಒಂದು ಕುಬಸದಲ್ಲಿ. ಎಂದಿನಂತೆ ಮೊದಲು ಎದ್ದು ಹೋದಳು. ಬಸುರಿಯ ಅತ್ತೆ ಅಡ್ಡ ಬಂದು, "ಯಕ್ಕಾ, ನೀ ಆಮ್ಯಾಲ ತುಂಬು. ಕಾಲ ಬದಲಾಗ್ಯಾದ, ನಮಗೀಗ ಹೆಣ್ಣs ಬೇಕಾಗ್ಯಾದ," ಅಂದಳು. ಮನೆ ತುಂಬ ನಗು. ಗದ್ದೆಮ್ಮನೂ ನಕ್ಕು ಹಿಂದಕ್ಕೆ ಸರಿದು ಗೋಡೆಗೆ ಆತು ಕೂತಳು. ಆ ಗೋಡೆಯ ಹತ್ತಿರ ಅವಳು ಕೂತದ್ದು ಅದೇ ಮೊದಲು. ಅವತ್ತಿನಿಂದ ಅವಳು ಯಾರ ಉಡಿಯನ್ನೂ ತುಂಬಲಿಲ್ಲ. ಯಾರಾದರೂ ಕರೆದರೆ ಸೊಸೆ ಅಮರೇಶ್ವರಿಯನ್ನು ಕಳಿಸುತ್ತಿದ್ದಳು.

ಅವಳ ಮೂವರು ಮಕ್ಕಳ ಮದುವೆ ಹೇಗೋ ಆಗಿದೆ. ಉಳಿದವನು ವಿರೇಶ, ನನ್ನ ಗೆಳೆಯ. ಮಸ್ಕಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಸುಟ್ಟ ಮೋಟಾರು ತಂದು ಕೊಟ್ಟರೆ ತಾಮ್ರದ ತಂತಿ ಸುತ್ತಿ ಮತ್ತೆ ಓಡುವ ಹಾಗೆ ಮಾಡುತ್ತಾನೆ, ಮಾತು ಮಾತ್ರ ಕಡಿಮೆ. ಗದ್ದೆಮ್ಮ ಅವನಿಗೆ ಹೆಣ್ಣು ಹುಡುಕಿ ನನ್ನ ಟಂಟಂನಲ್ಲಿ ತಿರುಗದ ಊರಿಲ್ಲ. ಲಿಂಗಸುಗೂರು ಆಯಿತು, ಸಿಂಧನೂರು ಆಯಿತು. ಒಂದು ಕಡೆ ಹೊಲ ಕಡಿಮೆ ಅಂದರು, ಒಂದು ಕಡೆ ಹೊಲ ಇದೆ ಅಂತಲೇ ಬೇಡ ಅಂದರು. ಮಗನ ಮದುವೆ ನೋಡದೆ ಕಣ್ಣು ಮುಚ್ಚುತ್ತೇನೇನೋ ಅಂತ ಅವಳು ನನ್ನ ಹತ್ತಿರ ಒಂದೆರಡು ಸಲ ಹೇಳಿದಳು. ಹೇಳುವಾಗ ನಗಲಿಲ್ಲ.

ಹೋದ ವರ್ಷ ನಾಟಿ ಶುರುವಾದ ಹೊಸದರಲ್ಲಿ ವಿರೇಶ ನನ್ನನ್ನು ಚಹಾದಂಗಡಿಗೆ ಕರೆದುಕೊಂಡು ಹೋದ. ಸಿಂಧನೂರಿನ ಒಂದು ರೈಸ್ ಮಿಲ್ಲಿಗೆ ಮೋಟಾರು ಕೂರಿಸಲು ಹೋಗಿದ್ದನಂತೆ. ಅಲ್ಲಿ ಲಾರಿ ತೂಗುವ ಕಾಟಾದ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಒಬ್ಬ ಹುಡುಗಿ.

"ಲಾರಿ ಡ್ರೈವರ್ರು ಎಷ್ಟ್ ದಬಾಯಿಸಿದ್ರೂ ಕಾಟಾ ತೋರಿಸಿದ್ದs ಬರಿತಾಳಲೇ," ಅಂದ. "ಮಾತಾಡಿಸಿದೆ. ಆಮ್ಯಾಲ ನಾಕೈದ್ ಸಲ ಹೋದೆ."

"ಅಷ್ಟ್ ಸಲ ಮೋಟಾರ ಸುಟ್ಟಿತೇನು?"

"ಇಲ್ಲ. ಸುಮ್ನ ಹೋದೆ." ಚಹಾದ ಬಸಿ ಕೆಳಗಿಟ್ಟು ಹೇಳಿದ. "ಮನಿಯಾಗ ಕೇಳಾಕ ಹಚ್ಚು ಅಂದಾಳ. ಜವಳಗೇರಾದ ಬಸ್ಸಮ್ಮನ ಸಣ್ಣ ಮಗಳು, ಮಮತಾ. ನಮ್ಮ ಮಂದೀನs. ಅವ್ವಗ ನೀ ಹೇಳಬೇಕು."

ಮಾರನೇ ದಿನ ಗಾಡಿಯಲ್ಲಿ ಹೆಂಗಸರು ಹತ್ತುವ ಮುಂಚೆ ನಾನು ಗದ್ದೆಮ್ಮನಿಗೆ ಹೇಳಿದೆ. ಹಿಗ್ಗಿ ಹೀರೇಕಾಯಿ ಆಗುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಸಪ್ಪಗಾಯಿತು.

"ಆ ಮನಿ ಒಂದು ಬಿಟ್ಟು ಯಾವ ಊರಿಗರ ನಡಿ, ಬರ್ತೀನಿ," ಅಂದಳು.

ಆಗ ನನಗೆ ಒಂದು ವಿಷಯ ಹೊಳೆಯಿತು. ಜವಳಗೇರಾದಲ್ಲಿ ಎಲ್ಲರ ಹೊಲಕ್ಕೂ ಹೋಗುವ ಗದ್ದೆಮ್ಮ, ಕಾಲುವೆ ದಂಡೆಯ ಬೇವಿನಮರದ ಹೊಲಕ್ಕೆ ಮಾತ್ರ ಯಾವತ್ತೂ ಗುಂಪು ಇಳಿಸಿರಲಿಲ್ಲ. ಆ ದಾರಿಯಲ್ಲಿ ಹೋಗುವಾಗ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಬಿಸಿಲಿಗೆ ಅಂದುಕೊಂಡಿದ್ದೆ. ಅದು ಬಸ್ಸಮ್ಮನ ಹೊಲ.

ಆದಮ್ಮನನ್ನು ಕೇಳಿದರೆ ಕಥೆ ಹೇಳಿದಳು. ಬಸ್ಸಮ್ಮ ಮೊದಲು ನಮ್ಮೂರ ಸೊಸೆಯೇ. ಮೂರು ಹೆಣ್ಣು ಹೆತ್ತು ಕುಬಸಗಳಲ್ಲಿ ಗೋಡೆಯ ಹತ್ತಿರ ಕೂರುತ್ತಿದ್ದಳು. ನಾಲ್ಕನೆಯ ಬಸುರಿಗೆ ಅವಳ ಅತ್ತೆ ಬೆಳಕು ಹರಿಯುವ ಮುಂಚೆಯೇ ಬಂದು ಗದ್ದೆಮ್ಮನನ್ನು ಕರೆದುಕೊಂಡು ಹೋಗಿ ಉಡಿ ತುಂಬಿಸಿದಳು. ಹುಟ್ಟಿದ್ದು ಮತ್ತೆ ಹೆಣ್ಣು. ಅತ್ತೆ ನಡು ಓಣಿಯಲ್ಲಿ ನಿಂತು ಕೂಗಾಡಿದಳು. "ನಿನ್ನ ಕೈ ನಂಬಿ ಕೆಟ್ವೆವ್ವ ಗದ್ದೆವ್ವ, ನಿನ್ನ ಕೈ ನಂಬಿ ಕೆಟ್ವಿ," ಅಂತ. ಗದ್ದೆಮ್ಮ ಮನೆಯ ಬಾಗಿಲು ಹಾಕಿಕೊಂಡಳು. ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋಗಲಿಲ್ಲ, ಬಸ್ಸಮ್ಮನ ಮುಖ ನೋಡಲಿಲ್ಲ. ಮುಂದೆ ಬಸ್ಸಮ್ಮನ ಅಪ್ಪ ತೀರಿಕೊಂಡ, ಒಬ್ಬಳೇ ಮಗಳಾದ್ದರಿಂದ ತವರಿನ ಹೊಲ ಅವಳಿಗೆ ಬಂತು, ಗಂಡ ವೆಂಕೋಬನನ್ನೂ ಮಕ್ಕಳನ್ನೂ ಕರೆದುಕೊಂಡು ಜವಳಗೇರಾಕ್ಕೆ ಹೋದಳು. ಆ ನಾಲ್ಕನೆಯ ಹೆಣ್ಣೇ ಮಮತಾ.

ಪಾಪ, ನನಗೆ ಗದ್ದೆಮ್ಮನ ಮೇಲೆ ಬಹಳ ಮರುಕ ಬಂತು. ವಿರೇಶನ ಮೇಲೂ ಬಂತು. ಈ ಮುದುಕಿಯರ ಮುನಿಸಿಗೆ ಅವನು ಯಾಕೆ ಕಟ್ಟೆಯ ಮೇಲೆ ಕೂರಬೇಕು. ನನಗಂತೂ ಆ ಕಟ್ಟೆ ಸಾಕಾಗಿದೆ, ಒಬ್ಬನಾದರೂ ಎದ್ದು ಹೋಗಲಿ.

ಆ ಅವಕಾಶ ತಾನಾಗಿ ಬಂತು. ನಾಟಿಯ ನಡುವೆ ಒಂದು ದಿನ ಬಸ್ಸಮ್ಮನೇ ನನಗೆ ಫೋನ್ ಮಾಡಿದಳು. ಟಂಟಂ ಹಿಂದೆ ನನ್ನ ನಂಬರು ಬರೆಸಿದ್ದೇನೆ. ಬರುತ್ತೇವೆ ಅಂದಿದ್ದ ಆಳುಗಳು ಕೈಕೊಟ್ಟಿದ್ದರು, ಸಸಿ ಕಿತ್ತು ಕಟ್ಟಿಟ್ಟಾಗಿತ್ತು, ಯಾವುದಾದರೂ ಗುಂಪು ಇದ್ದರೆ ಕರೆದುಕೊಂಡು ಬಾ ಅಂದಳು. ಅವತ್ತು ನಮ್ಮವರಿಗೆ ಬೇರೆ ಕೆಲಸ ನಿಗದಿಯಾಗಿರಲಿಲ್ಲ. ಯಾರ ಹೊಲ ಅಂತ ಗದ್ದೆಮ್ಮ ಕೇಳಿದಾಗ, "ಅಲ್ಲೇ ಕಾಲುವಿ ಕಡೀಗೆ," ಅಂದೆ. ಸುಳ್ಳಲ್ಲ.

ಬೇವಿನಮರದ ಹತ್ತಿರ ಗಾಡಿ ನಿಲ್ಲಿಸಿದ ಕೂಡಲೇ ಗದ್ದೆಮ್ಮನಿಗೆ ತಿಳಿಯಿತು. "ಲೇ ಯಮನೂರ, ನಿನ್ನ ಹಲ್ಲ ಮುರೀತೀನಿ," ಅಂದಳು. ಆದರೆ ಗದ್ದೆಯಲ್ಲಿ ನೀರು ನಿಂತಿತ್ತು, ಬದುವಿನ ಉದ್ದಕ್ಕೂ ಸಸಿಯ ಕಟ್ಟುಗಳು ಬಿಸಿಲಿಗೆ ತಲೆ ಬಾಗಿಸಿದ್ದವು. ಕಿತ್ತ ಸಸಿಯನ್ನು ಹಚ್ಚದೆ ಬಿಟ್ಟು ಬರಬಾರದು ಅನ್ನುವುದು ಗದ್ದೆಮ್ಮನೇ ತನ್ನ ಗುಂಪಿಗೆ ಹಾಕಿದ ಕಟ್ಟಳೆ. ಅದನ್ನು ನಂಬಿಯೇ ನಾನು ಕರೆತಂದಿದ್ದೆ. ಅವಳು ಒಂದು ಸಲ ನನ್ನನ್ನು, ಒಂದು ಸಲ ಸಸಿಯನ್ನು ನೋಡಿದಳು. ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು.

ಬಸ್ಸಮ್ಮನೂ ಇಳಿದು ಪಕ್ಕದ ಸಾಲು ಹಿಡಿದಳು. ದಿನವಿಡೀ ಇಬ್ಬರೂ ಒಂದೇ ಗದ್ದೆಯಲ್ಲಿ ಬಗ್ಗಿ ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಸಸಿ ಊರಿದರು, ಒಂದು ಮಾತಿಲ್ಲ. ಗದ್ದೆಮ್ಮ ಹಾಡು ಎತ್ತಲಿಲ್ಲ, ಅದಕ್ಕೆ ಗುಂಪೂ ಹಾಡಲಿಲ್ಲ. ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ಬಸ್ಸಮ್ಮ ಎಲ್ಲರಿಗೂ ಪುಂಡಿಪಲ್ಯ ಬಡಿಸುತ್ತ ಬಂದು ಗದ್ದೆಮ್ಮನ ರೊಟ್ಟಿಯ ಮೇಲೆ ತುಸು ಹೆಚ್ಚೇ ಹಾಕಿದಳು. ಗದ್ದೆಮ್ಮ ತಲೆ ಎತ್ತದೆ ತಿಂದಳು. ನಾನು ಬೇವಿನಮರದ ಕೆಳಗೆ ಕೂತು ನೋಡುತ್ತಿದ್ದೆ, ನನ್ನ ಉಪಾಯ ನೀರಲ್ಲಿ ಹೋಮ ಆಯಿತು ಅಂದುಕೊಂಡೆ.

ಸಂಜೆ ಕಾಲುವೆಯಲ್ಲಿ ಕಾಲು ತೊಳೆಯುವಾಗ ಗದ್ದೆಮ್ಮ ಬಾಯಿ ಬಿಟ್ಟಳು. ಬಸ್ಸಮ್ಮನನ್ನು ನೋಡದೆ, ನೀರನ್ನು ನೋಡುತ್ತ ಹೇಳಿದಳು.

"ಬಸ್ಸಮ್ಮ, ನಿನ್ನ ಸಣ್ಣ ಮಗಳನ್ನ ನಮ್ಮ ವಿರೇಶಗ ಕೇಳಾಕ ನನಗ ಬಾಯಿಲ್ಲವ್ವ."

"ಕೇಳಿಬಿಟ್ಟಿಯಲ್ಲಕ್ಕ," ಅಂದಳು ಬಸ್ಸಮ್ಮ. "ಐತವಾರ ನಿಮ್ಮ ಮನಿ ನೋಡಾಕ ಬರ್ತೀವಿ. ಹುಡುಗಿ ಬರ್ತಾಳ, ಅವರಕ್ಕಂದಿರೂ ಬರ್ತಾರ. ಹುಡುಗನ್ನ ಮನಿಯಾಗ ಇರು ಅನ್ನು."

ವಾಪಸ್ ಬರುವಾಗ ಗದ್ದೆಮ್ಮ ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದಳು. ನೋವಾಯಿತು, ಆದರೂ ಖುಷಿಯಾಯಿತು.

ಆ ಭಾನುವಾರದವರೆಗೆ ಗದ್ದೆಮ್ಮನಿಗೆ ನಿದ್ದೆ ಇಲ್ಲ. ಬಸ್ಸಮ್ಮ ಬರುತ್ತಾಳೆ, ನಡುಮನೆಯಲ್ಲಿ ಕೂತು ಹಳೆಯದೆಲ್ಲ ತೆಗೆದು ನನ್ನ ಮಾನ ಕಳೆದು ಹೋಗುತ್ತಾಳೆ, ಅದಕ್ಕೇ ಬರುತ್ತಿರುವುದು ಅಂತ ನನ್ನ ಹತ್ತಿರ ಹೇಳಿದಳು. ಕಳೆಯಲಿ, ಹುಡುಗನ ಮದುವೆಯಾದರೆ ಸಾಕು ಅಂತಲೂ ಹೇಳಿದಳು. ಮನೆಗೆ ಸುಣ್ಣ ಹೊಡೆಸಿದಳು. ಗಂಡ ಮಾಳಿಂಗಪ್ಪನಿಗೆ, ಆಡು ಕುರಿಗಳನ್ನು ಮಧ್ಯಾಹ್ನದ ತನಕ ಊರ ಹತ್ತಿರ ತರಬೇಡ, ನೀನು ಮಾತ್ರ ಬೇಗ ಬಾ ಅಂತ ಹೇಳಿದಳು.

ಅವತ್ತು ನಾನೇ ಜವಳಗೇರಾಕ್ಕೆ ಹೋಗಿ ಬೀಗರಾಗುವವರನ್ನು ಕರೆತಂದೆ. ವೆಂಕೋಬ ನನ್ನ ಪಕ್ಕ ಕೂತ. ಹಿಂದೆ ಬಸ್ಸಮ್ಮ, ಮೂವರು ಅಕ್ಕಂದಿರು, ಮಮತಾ. ನಮ್ಮ ಕಟ್ಟೆಯ ಟೀಮು ಗದ್ದೆಮ್ಮನ ಮನೆಯ ಎದುರು ಬಂದು ಕೂತಿತ್ತು, ಎಲ್ಲರೂ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಯಾಕೆ ಅಂತ ಕೇಳಿದರೆ, ಇವನು ಬೇಡವಾದರೆ ಇನ್ಯಾರಾದರೂ ಕಣ್ಣಿಗೆ ಬೀಳಲಿ ಅಂತ ಅಂದರು.

ಮಮತಾ ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಮೊದಲು ನಲ್ಲಿ ತಿರುಗಿಸಿ ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ ಬಚ್ಚಲು ನೋಡಿದಳು, ಬಾಗಿಲ ಚಿಲಕ ಹಾಕಿ ತೆಗೆದು ನೋಡಿದಳು. ಗಂಡಸರು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಮಳೆಯ ಮಾತು ಆಡುತ್ತ ಕೂತರು. ನಡುಮನೆಯಲ್ಲಿ ಹೆಂಗಸರು. ವಿರೇಶ ಒಗ್ಗರಣೆ ಮಂಡಾಳು, ಮಿರ್ಚಿ, ಚಹಾ ಇಟ್ಟ ತಾಟು ಹಿಡಿದು ಒಳಗೆ ಬಂದ. ಹಿಂದೆ ನೀರಿನ ಲೋಟ ಹಿಡಿದು ನಾನು.

"ಮಿರ್ಚಿ ಯಾರು ಕರದಿದ್ದು?" ದೊಡ್ಡ ಅಕ್ಕ ಕೇಳಿದಳು.

"ನಾನs ರೀ."

"ಸುಳ್ಳೇನರ ಇದ್ರ ಈಗs ಹೇಳ್ರಿ."

"ಹಿಟ್ಟು ಅತ್ತಿಗಿ ಕಲಸ್ಯಾಳ. ಕರದಿದ್ದು ನಾನು."

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಅಮರೇಶ್ವರಿ ತಲೆ ಅಲ್ಲಾಡಿಸಿ ಸಾಕ್ಷಿ ಹೇಳಿದಳು. ಎರಡನೆಯ ಅಕ್ಕ, ಆ ಗೋಡೆಯಿಂದ ಈ ಗೋಡೆಯ ತನಕ ಸ್ವಲ್ಪ ನಡೆದು ತೋರಿಸಿರಿ ಅಂದಳು. ತಮ್ಮನ್ನು ನೋಡಲು ಬಂದವರೆಲ್ಲ ಹಾಗೇ ನಡೆಸಿದ್ದರಂತೆ. ವಿರೇಶ ನಿಜವಾಗಿಯೂ ನಡೆದ. ನಾಲ್ಕೂ ಜನ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಮಮತಾ ಮಾತ್ರ ನಗುವುದನ್ನು ಬೇಗ ನಿಲ್ಲಿಸಿ, "ಸಾಕ್ ಬಿಡಕ್ಕ, ಪಾಪ ಬೆವರಾಕತ್ಯಾರ," ಅಂದಳು. ಅಷ್ಟಕ್ಕೇ ನನಗೆ ಅರ್ಧ ಧೈರ್ಯ ಬಂತು.

ಗದ್ದೆಮ್ಮ ಮಾತ್ರ ನಗುತ್ತಿರಲಿಲ್ಲ. ಕಂಬಕ್ಕೆ ಆತು ಕೂತು ಬಸ್ಸಮ್ಮನ ಮುಖವನ್ನೇ ನೋಡುತ್ತಿದ್ದಳು. ಬಸ್ಸಮ್ಮ ಚಹಾ ಕುಡಿದು ಲೋಟ ಕೆಳಗಿಟ್ಟಳು.

"ಯಕ್ಕಾ, ಒಂದ್ ಮಾತ ಕೇಳಬೇಕಿತ್ತು. ಈಕಿ ತೊಟ್ಟಿಲಕ್ಕ ನೀ ಯಾಕ ಬರಲಿಲ್ಲ?"

ಗದ್ದೆಮ್ಮ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಯಾವ ಮಾರಿ ತಗೊಂಡು ಬರಬೇಕಿತ್ತವ್ವ? ನಿಮ್ಮತ್ತಿ ಓಣ್ಯಾಗ ನಿಂತು ಅಂದದ್ದು ನೀನೂ ಕೇಳಿದಿಯಲ್ಲ. ನನ್ನ ಕೈ ನಂಬಿ ಕೆಟ್ಟೆ ಅಂತ ನೀನೂ ಅಂತೀದಿ ಅಂತ ಅಂಜಿದೆ. ಅವತ್ತಿನಿಂದ ಅಂಜಿಗೋತs ಅದೀನಿ."

"ನಾ ಏನ್ ತಿಳಕೊಂಡಿದ್ದೆ ಗೊತ್ತೇನು? ನನ್ನ ಮಗಳಿಂದ ನಿನ್ನ ಕೈ ಹೆಸರು ಕೆಡ್ತು ಅಂತ ನಿನಗ ಸಿಟ್ಟು ಬಂದೈತಿ ಅಂತ. ಅದಕ್ಕs ನಾನೂ ನಿನ್ನ ಕಡೀಗೆ ಬರಲಿಲ್ಲ."

ಇಷ್ಟು ವರ್ಷ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಅಂಜಿಕೊಂಡು, ಒಬ್ಬಳು ಸೆರಗು ಎಳೆದುಕೊಂಡು, ಒಬ್ಬಳು ಬದುವಿನ ಮೇಲೆ ನಿಂತು ಟಂಟಂ ಹೋಗುವುದನ್ನು ನೋಡಿಕೊಂಡು ಇದ್ದರಲ್ಲ ಅಂತ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಸ್ಸಮ್ಮ ಇನ್ನೂ ಮುಗಿಸಿರಲಿಲ್ಲ. ಗದ್ದೆಮ್ಮನ ಹತ್ತಿರ ಸರಿದು ಕೂತಳು.

"ನಮ್ಮತ್ತಿ ಅಂದದ್ದು ಖರೇನs ಐತಿ ಯಕ್ಕಾ. ಆಕಿ ನಿನ್ನ ಕೈ ನಂಬಿದ್ಲು. ಕುಬಸ ಮುಗದ ವಾರಕ್ಕ ನನ್ನನ್ನ ಕರಕೊಂಡು ಹೋಗಾಕ ಕಾರ ಗೊತ್ತು ಮಾಡಿದ್ಲು, ಹೊಟ್ಟಿ ನೋಡಸಾಕ. ಹೋಗಿದ್ರ ಈಕಿ ಇರತಿದ್ದಿಲ್ಲ. ನಾ ಅಳಲಿಲ್ಲ, ಜಗಳ ಮಾಡಲಿಲ್ಲ. ಗದ್ದೆಮ್ಮಕ್ಕ ಉಡಿ ತುಂಬಿದ ಮ್ಯಾಲ ನೋಡೂದೇನೈತಿ ಅತ್ತಿ, ಆಕಿ ಕೈ ಯಾವತ್ತರ ತಪ್ಪೈತೇನು ಅಂತ ಅಂದೆ. ದಿನಾ ಅದನ್ನs ಅಂದೆ. ನಂಬಿದ್ಲು. ಕಾರ ಬ್ಯಾಡಂತ ಹೇಳಿ ಕಳಿಸಿದ್ಲು."

ಗದ್ದೆಮ್ಮ ಮಮತಾಳ ಕಡೆ ತಿರುಗಿ ನೋಡಿದಳು.

"ನನಗ ಗಂಡು ಬೇಕಾಗಿದ್ದಿಲ್ಲ ಯಕ್ಕಾ, ಹೆಣ್ಣೂ ಬೇಕಾಗಿದ್ದಿಲ್ಲ. ಹೊಟ್ಟ್ಯಾಗಿದ್ದದ್ದು ಬೇಕಾಗಿತ್ತು. ನಿನ್ನ ಕೈ ಹೆಸರ ಹೇಳಿ ಉಳಿಸಿಗೊಂಡೆ."

ಗದ್ದೆಮ್ಮ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳ ನಗುವಿನ ಹಾಗೆ ಅಳುವೂ ಜೋರು, ಹೊರಗೆ ಕೂತ ಟೀಮು ಬಾಗಿಲಿಗೆ ಬಂದು ಇಣುಕಿ, ಸಂಬಂಧ ಮುರಿಯಿತು ಅಂತ ತಿಳಿದು ಅಂಗಿ ಸರಿ ಮಾಡಿಕೊಂಡಿತು. ನಾನು ಅವರನ್ನು ಅತ್ತ ಅಟ್ಟಿದೆ. ನನ್ನ ಕಣ್ಣೂ ಒದ್ದೆಯಾಗಿತ್ತು, ಅದನ್ನು ಅವರು ನೋಡುವುದು ಬೇಡವಾಗಿತ್ತು.

ಹೊರಡುವ ಹೊತ್ತಾಯಿತು. ಮಮತಾ ಇನ್ನೂ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. ವಿರೇಶ ಖಾಲಿ ತಾಟು ಹಿಡಿದುಕೊಂಡೇ ನಿಂತಿದ್ದ. ಮನೆಗೆ ಬಂದ ಹೆಣ್ಣುಮಕ್ಕಳನ್ನು ಬರಿ ಉಡಿಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅಮರೇಶ್ವರಿ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಕಣ ಇಟ್ಟುಕೊಂಡು ಬಂದಳು. ಬಸ್ಸಮ್ಮನಿಗೆ ತುಂಬಿದಳು, ಅಕ್ಕಂದಿರಿಗೆ ತುಂಬಿದಳು. ಮಮತಾಳ ಮುಂದೆ ಬಂದು ಮೊದಲ ಹಿಡಿ ಎತ್ತುವಾಗ ಮಮತಾ ಸೆರಗು ಹಿಂದಕ್ಕೆ ಎಳೆದುಕೊಂಡಳು. ವಿರೇಶನ ಮುಖ ಬಿಳಿಚಿತು.

"ನೀವಲ್ಲ ರೀ ಅಕ್ಕಾರ," ಅಂದಳು ಮಮತಾ. ಗದ್ದೆಮ್ಮನ ಮುಂದೆ ಹೋಗಿ ಮೊಣಕಾಲೂರಿ ಕೂತು ಸೆರಗು ಹರವಿದಳು. "ಇವರು ತುಂಬಲಿ."

"ನಾ ಬಿಟ್ಟೀನವ್ವ," ಅಂದಳು ಗದ್ದೆಮ್ಮ. "ಎಲ್ಲಾರೂ ನಗತಾರ. ಈ ಕೈ ಬ್ಯಾಡ."

"ನಮ್ಮವ್ವನ ಉಡಿ ತುಂಬಿದ ಕೈ ಇದು. ನನಗ ಇದs ಬೇಕು ರೀ."

ಅಮರೇಶ್ವರಿ ಮೊರ ತಂದು ಅತ್ತೆಯ ಮುಂದಿಟ್ಟಳು. ಗದ್ದೆಮ್ಮ ಕಣ್ಣು ಒರೆಸಿಕೊಂಡು ಸೆರಗಿನಿಂದ ಕೈ ಹೊರಗೆ ತೆಗೆದಳು. ಕೆಸರು ನೀರಿನಲ್ಲಿ ನೆನೆದು ನೆನೆದು ಬೆರಳ ಸಂದಿ ಬಿರಿದ ಕೈ. ಹಿಡಿ ತುಂಬ ಅಕ್ಕಿ ಎತ್ತಿದಳು, ಅರ್ಧದಲ್ಲಿ ನಿಲ್ಲಿಸಿದಳು. ಅಷ್ಟು ವರ್ಷ ಅವಳು ಉಡಿ ತುಂಬುವಾಗ ಹೇಳುತ್ತಿದ್ದದ್ದು ಒಂದೇ ಮಾತು, ಗಂಡು ಹಡಿ ಅಂತ. ಈಗ ಅದು ಬಾಯಿಗೆ ಬರಲಿಲ್ಲ.

"ಏನಂತ ಹರಸಬೇಕವ್ವ ನಿನಗ? ನನಗ ತಿಳಿವಲ್ದು. ಗಂಡು ಅನ್ಲೇನು, ಹೆಣ್ಣು ಅನ್ಲೇನು?"

ಅಕ್ಕಂದಿರು ಕಿಸಕ್ಕನೆ ನಕ್ಕರು. ಇನ್ನೂ ಮದುವೆಯ ಮಾತೇ ಮುಗಿದಿರಲಿಲ್ಲ. ಮಮತಾ ತಾಟು ಹಿಡಿದು ನಿಂತ ವಿರೇಶನನ್ನು ಒಂದು ಸಲ ನೋಡಿದಳು, ಆಮೇಲೆ ಗದ್ದೆಮ್ಮನನ್ನು ನೋಡಿದಳು.

"ಯಾವ್ದರ ಆಗಲಿ ಅತ್ತಿ," ಅಂದಳು. "ನನ್ನಂಗ ಉಳೀಲಿ ಅನ್ರಿ."

ಗದ್ದೆಮ್ಮ ಹಾಗೇ ಅಂದಳು. ಒಂದೊಂದು ಹಿಡಿಗೂ ಅಂದಳು. ಅಕ್ಕಿ ಸ್ವಲ್ಪ ಉಡಿಗೆ, ಸ್ವಲ್ಪ ನೆಲಕ್ಕೆ ಬಿತ್ತು, ಬಸ್ಸಮ್ಮ ನೆಲದ್ದನ್ನೂ ಬಳಿದು ಮಗಳ ಉಡಿಗೇ ಹಾಕಿದಳು.

ನಾನು ಅವರನ್ನು ಜವಳಗೇರಾಕ್ಕೆ ಬಿಡಲು ಗಾಡಿ ಚಾಲೂ ಮಾಡಿದೆ. ಗದ್ದೆಮ್ಮ ಬಾಗಿಲ ತನಕ ಬಂದು, ತಗ್ಗು ನೋಡಿಕೊಂಡು ನಿಧಾನ ಹೋಗು ಅಂತ ನನಗೆ ಹೇಳಿದಳು. ಅಕ್ಕಿ ಹತ್ತಿದ ಕೈಯನ್ನು ಅವಳು ಇನ್ನೂ ಒರೆಸಿಕೊಂಡಿರಲಿಲ್ಲ.